ಕಳುಹಿಸೋಣವಾಯಿತು

ಏಪ್ರಿಲ್ 9

ತಮ್ಮಾ,

ನೀನು ಕಳಿಸಿದ ಕಟ್ಟು ತಲುಪಿತು. ನಿನ್ನ ಅಟ್ಟ ಖಾಲಿಯಾಯಿತು, ನನ್ನ ತಲೆ ತುಂಬಿತು. ಮುತ್ತಜ್ಜ ಬರೆದಿಟ್ಟ ಹಾಳೆಗಳನ್ನು ಯಾರಾದರೂ ಅಂಗಡಿಯ ಕನ್ನಡಕದ ಖಾಲಿ ಡಬ್ಬಿಗಳ ನಡುವೆ ತುರುಕಿ ಕಳಿಸುತ್ತಾರೇನೋ? ಡಬ್ಬಿಗಳೆಲ್ಲ ಗಟ್ಟಿಮುಟ್ಟಾಗಿವೆ. ಹಾಳೆಗಳ ಅಂಚು ಪುಡಿಪುಡಿಯಾಗಿ ನನ್ನ ಮಡಿಲಿಗೆ ಉದುರಿತು.

ಫೋನು ಬಿಟ್ಟು ಕಾಗದವೇಕೆ ಎಂದು ಕೇಳಬೇಡ. ಹೋದ ಸಲ ನಾನಿನ್ನೂ ಅರ್ಧ ಮಾತಿನಲ್ಲಿದ್ದಾಗಲೇ ನೀನು ಫೋನು ಇಟ್ಟೆ. ಕಾಗದವನ್ನೂ ಅರ್ಧಕ್ಕೆ ಇಡಬಹುದು, ಆದರೆ ಅದು ಮೇಜಿನ ಮೇಲೆ ಬಿದ್ದುಕೊಂಡು ನಿನ್ನ ಮುಖವನ್ನೇ ನೋಡುತ್ತಿರುತ್ತದೆ.

ದಾಖಲೆ ಕಚೇರಿಯಲ್ಲಿ ಹಳೆಯ ಕೈಬರಹ ಓದುವುದನ್ನು ಕಲಿಸುತ್ತಾರೆ, ಶನಿವಾರಗಳಂದು. ಸೇರಿದ್ದೇನೆ. ಕೆಲಸದಲ್ಲಿದ್ದಷ್ಟು ಕಾಲವೂ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಂತು ಡಾಕ್ಟರುಗಳ ಗೀಚು ಓದಿದವಳು ನಾನು, ಇದೇನು ಮಹಾ ಎಂದುಕೊಂಡೇ ಹೋದೆ. ಮೊದಲ ದಿನವೇ ಮೂಗು ನೆಲಕ್ಕೆ ತಾಗಿತು. ಪದಗಳ ನಡುವೆ ಜಾಗ ಬಿಡುವುದು ಈ ಮುತ್ತಜ್ಜನಿಗೆ ಯಾರೂ ಹೇಳಿಕೊಟ್ಟಿಲ್ಲ. ಒತ್ತಕ್ಷರವಿಲ್ಲ, ಎತ್ವ ಒತ್ವಗಳಿಗೆ ದೀರ್ಘವಿಲ್ಲ, ವಾಕ್ಯ ಮುಗಿದರೆ ಚುಕ್ಕಿಯಿಲ್ಲ. ಒಂದೇ ಉಸಿರಿಗೆ ಹಾಳೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ. ನಮಗೆ ಕಲಿಸುವವರು ಕೊರಳಿಗೆ ಮಸೂರ ನೇತುಹಾಕಿಕೊಂಡಿರುವ ಒಬ್ಬ ಮೇಷ್ಟ್ರು. ನಾನು ಓದಿದ್ದನ್ನು ಕೇಳಿ ಅವರು, ನೀವು ಓದುತ್ತಿಲ್ಲಮ್ಮಾ, ಊಹಿಸುತ್ತಿದ್ದೀರಿ ಎಂದರು.

ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಏಕೆ ಬೇಕಿತ್ತು? ನಿನ್ನ ಮಗಳಿಗಾಗಿ. ಅವಳು ಭೂವಿಜ್ಞಾನ ಓದಬೇಕು ಎನ್ನುತ್ತಾಳೆ. ಆ ಕಾಲೇಜು ಇರುವುದು ನಾನಿರುವ ಊರಿನಲ್ಲಿ, ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನೀನು ಅಂದದ್ದೇನು? ‘ನಮ್ಮ ಮನೇಲಿ ಓಡಿಹೋದವಳು ಒಬ್ಬಳು ಸಾಕು.’ ನಾನು ಡಾಕ್ಟರಾಗಬೇಕು ಎಂದಾಗ ಅಪ್ಪ ಅಂದದ್ದೂ ಅದೇ ಮಾತು. ಈ ಮುತ್ತಜ್ಜನನ್ನು ಬಿಟ್ಟು ಹೋದ ಮುತ್ತಜ್ಜಿಯನ್ನೇ ಬಾಗಿಲಿಗೆ ಅಡ್ಡ ನಿಲ್ಲಿಸಿದರು; ನಾನು ಔಷಧಿ ಕೌಂಟರಿನ ಹಿಂದೆ ನಿಂತೆ. ಅವಳು ಓಡಿಹೋದಳು ಎಂದು ಯಾರು ಬರೆದಿದ್ದಾರೆ, ಎಲ್ಲಿ ಬರೆದಿದ್ದಾರೆ, ನಾನೇ ಕಣ್ಣಾರೆ ಓದುತ್ತೇನೆ. ಅಲ್ಲಿಯವರೆಗೆ ಹುಡುಗಿಯನ್ನು ಬೈಯಬೇಡ.

ನಿನ್ನ ಅಕ್ಕ


ಏಪ್ರಿಲ್ 21

ಅಕ್ಕಾ,

ನಿನ್ನ ಕಾಗದ ಬಂತು. ಔಷಧಿ ಅಂಗಡಿಯವರ ಅಕ್ಷರ ಇಷ್ಟು ಕೆಟ್ಟದಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಅಂಗಡಿಯಲ್ಲಿರುವ ಅತಿ ದಪ್ಪನೆಯ ಗಾಜು ಇಟ್ಟುಕೊಂಡು ಓದಿದೆ.

ಆ ಕಟ್ಟನ್ನು ಕಳಿಸಿದ್ದು ಗೆದ್ದಲು ಹಿಡಿಯದಿರಲಿ ಎಂದು, ನೀನು ಸಂಶೋಧನೆ ಮಾಡಲಿ ಎಂದಲ್ಲ. ಅದರಲ್ಲಿ ಹುಡುಕುವುದಕ್ಕೆ ಏನೂ ಇಲ್ಲ. ಅಪ್ಪ ನನಗೆ ಆ ಸಾಲು ತೋರಿಸಿದ್ದಾರೆ. ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಗೆರೆ ಇದೆ, ನೀನೂ ನೋಡಿಕೊ. ಗಂಡ, ಮಗು ಎಲ್ಲ ಬಿಟ್ಟು ಹೋದಳು. ಆ ಮಗುವೇ ನಮ್ಮ ತಾತ. ಅವರು ಸಾಯುವವರೆಗೂ ಯಾರನ್ನೂ ನಂಬಲಿಲ್ಲ, ನಮ್ಮಪ್ಪನನ್ನೂ. ಇಷ್ಟು ಸಾಲದೇ?

ಮಗಳ ವಿಷಯ. ಕಲ್ಲು ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇ? ಇಲ್ಲಿಯೂ ಕಾಲೇಜು ಇದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದು ಅಂಗಡಿಯಲ್ಲಿ ಕೂರಬಹುದು. ಮೊನ್ನೆ ಒಬ್ಬರಿಗೆ ಕಣ್ಣಿನ ಪರೀಕ್ಷೆ ಮಾಡುವಾಗ ಅವಳೇ ಗಾಜು ಬದಲಾಯಿಸಿ ಕೊಟ್ಟಳು, ಒಂದು ತಪ್ಪೂ ಮಾಡಲಿಲ್ಲ. ಇಂಥ ಕೈ ಬಿಟ್ಟು ಯಾರಾದರೂ ಸುತ್ತಿಗೆ ಹಿಡಿಯುತ್ತಾರೆಯೇ?

ನೀನು ಅವಳಿಗೆ ನೇರವಾಗಿ ಕಾಗದ ಬರೆಯುವುದು ಬೇಡ. ಬರೆಯುತ್ತಿದ್ದೀಯ ಎಂದು ನನಗೆ ಗೊತ್ತು.

ತಮ್ಮ


ಮೇ 6

ತಮ್ಮಾ,

ನಗಬೇಡ. ಇಲ್ಲ, ನಗು, ಇಲ್ಲಿ ಎಲ್ಲರೂ ನಕ್ಕಾಗಿದೆ.

ಮೇಷ್ಟ್ರು ಮುತ್ತಜ್ಜನ ಹಾಳೆಯಿಂದಲೇ ಒಂದು ಸಾಲು ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ‘ನಾದಿನಿಹೆತಳುಗಂಡು’ ಎಂದಿತ್ತು. ಒತ್ತೂ ಇಲ್ಲ ದೀರ್ಘವೂ ಇಲ್ಲವಲ್ಲ, ಆಸ್ಪತ್ರೆಯ ಅಭ್ಯಾಸ ನೋಡು, ನಾನು ತಡೆಯದೆ ‘ನಾದಿನಿ ಹೇತಳು’ ಎಂದು ಓದಿ, ಪಾಪ ಭೇದಿಯಾಗಿರಬೇಕು ಎಂದು ವಿವರಣೆಯನ್ನೂ ಕೊಟ್ಟೆ. ಮೇಷ್ಟ್ರು ಮುಖದ ಒಂದು ಗೆರೆಯನ್ನೂ ಅಲುಗಿಸದೆ, ‘ಮುಂದಿನ ಪದಾನೂ ಓದಿ. ಗಂಡು ಅಂತಿದೆ’ ಎಂದರು. ಹೆತ್ತಳಂತೆ. ಗಂಡು ಮಗುವಂತೆ. ಇಡೀ ಕೋಣೆ ಬೆಂಚು ತಟ್ಟಿ ನಕ್ಕಿತು.

ಅಂದಿನಿಂದ ನನಗೆ ಒಂದೇ ಶಿಕ್ಷೆ. ಓದಿದ ಮೇಲೆ ಮುಂದಿನ ಪದ, ಅದರ ಮುಂದಿನ ಪದ, ಮುಂದಿನ ಹಾಳೆ. ಅಕ್ಷರ ಗುರುತಿಸಿದರೆ ಅರ್ಧ ಓದಿದ ಹಾಗೆ, ಏಕೆ ಬರೆದ ಎಂದು ಕೇಳಿದರೆ ಇನ್ನರ್ಧ ಎನ್ನುತ್ತಾರೆ. ಸರಿ ಎಂದು ಮುತ್ತಜ್ಜನನ್ನು ಸಾಲಾಗಿ ಓದುತ್ತಿದ್ದೇನೆ. ಅಯ್ಯೋ ದೇವರೇ, ಎಂಥ ಮನುಷ್ಯನೋ ಅವನು. ಇಂದು ಹೊಟ್ಟೆ ಸರಿಯಿಲ್ಲ. ಇಂದು ಊಟಕ್ಕೆ ಉಪ್ಪು ಜಾಸ್ತಿ. ಇಂದು ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಹೇಳಿದರೆ ಎದುರು ಮಾತು. ಇಂದು ಮತ್ತೆ ಹೊಟ್ಟೆ. ಅವನ ಹೊಟ್ಟೆನೋವು ಬಿಡಿಸಿ ಬಿಡಿಸಿ ನನಗೆ ಕಣ್ಣುನೋವು. ಎಂಟು ಸಾಲಿಗೆ ಒಂದು ಬೆಳಗು ಹೋಗುತ್ತದೆ, ಕೊನೆಗೆ ಸಿಗುವುದು ಉಪ್ಪು.

ಕೆಂಪು ಗೆರೆಯ ಹಾಳೆ ಇನ್ನೂ ಬಂದಿಲ್ಲ. ನಡುವಿನಿಂದ ಹಾರಿ ನೋಡಬೇಡಿ, ಅವನ ಕೈಬರಹ ಕಣ್ಣಿಗೆ ಪಳಗಲಿ ಎಂದು ಮೇಷ್ಟ್ರು ಹೇಳಿದ್ದಾರೆ. ನನಗೆ ತಾಳ್ಮೆ ಇಲ್ಲ ಎನ್ನುವುದು ನಿನಗೂ ಗೊತ್ತು.

ಅಕ್ಕ


ಮೇ 19

ತಮ್ಮಾ,

ನೀನು ಉತ್ತರ ಬರೆಯುವವರೆಗೆ ಕಾಯಲಾರೆ. ಹಾರಿ ನೋಡಿದೆ. ಕುರ್ಚಿಯಲ್ಲಿ ಕುಳಿತು ಓದು.

ಅದು ‘ಓಡಿ’ ಅಲ್ಲ. ‘ಓದಿ’!

‘ಊಟಕೆಬಡಿಸಿಟುಓದಿಹೊದಳು.’ ಊಟಕ್ಕೆ ಬಡಿಸಿಟ್ಟು, ಓದಿ, ಹೋದಳು. ಹಾಳೆಯ ಚಿತ್ರ ಇದರ ಜೊತೆ ಇಟ್ಟಿದ್ದೇನೆ, ನಿನ್ನ ದಪ್ಪ ಗಾಜಿನಲ್ಲೇ ನೋಡು. ದ-ಕಾರ ಕಣ್ಣಿಗೆ ಹೊಡೆಯುವ ಹಾಗಿದೆ. ಇಷ್ಟು ವರ್ಷ, ಇಷ್ಟು ಜನ, ಒಂದು ದ-ಕಾರವನ್ನು ಡ-ಕಾರ ಎಂದುಕೊಂಡು ಒಬ್ಬ ಹೆಂಗಸನ್ನು ಓಡಿಸಿಬಿಟ್ಟಿರಿ. ಅವಳಿಗೆ ಯಾವುದೋ ಕಾಗದ ಬಂದಿರಬೇಕು, ತವರಿನಲ್ಲಿ ಯಾರಿಗೋ ಏನೋ ಆಗಿರಬೇಕು. ಓದಿದಳು, ಹೋದಳು. ಗಂಡನಿಗೆ ಊಟ ಬಡಿಸಿಟ್ಟು ಹೋದವಳನ್ನು ಓಡಿಹೋದವಳು ಎನ್ನುತ್ತಾರೆಯೇ?

ಮತ್ತೆ ಅವಳು ಓದುತ್ತಿದ್ದಳು ಕಣೋ. ಆ ಕಾಲದಲ್ಲಿ ಅವಳಿಗೆ ಓದು ಬರುತ್ತಿತ್ತು. ಅವಳ ಹೆಸರು ಹೇಳಿ ನನ್ನ ಓದು ನಿಲ್ಲಿಸಿದರು. ನನಗೆ ಸಿಟ್ಟು ಬರುತ್ತಿದೆಯೋ ಅಳು ಬರುತ್ತಿದೆಯೋ ತಿಳಿಯುತ್ತಿಲ್ಲ. ನಮ್ಮ ಆಸ್ಪತ್ರೆಯಲ್ಲಿ ನನಗಿಂತ ಚಿಕ್ಕ ಡಾಕ್ಟರುಗಳು ತಪ್ಪು ಔಷಧಿ ಬರೆದಾಗ ಮೆಲ್ಲಗೆ ಹೋಗಿ, ‘ಸಾರ್, ಇದು ಇಷ್ಟೇ ಇರಬಹುದಾ?’ ಎಂದು ಕೇಳಿಕೊಂಡು ಬರುತ್ತಿದ್ದೆ. ಒಂದು ದ-ಕಾರಕ್ಕಾಗಿ.

ಈಗ ನಿನಗೆ ಯಾವ ನೆಪವೂ ಉಳಿದಿಲ್ಲ. ಹುಡುಗಿಯನ್ನು ಕಳಿಸು. ನನ್ನ ಮನೆಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ.

ಅಕ್ಕ


ಮೇ 28

ಅಕ್ಕಾ,

ಚಿತ್ರ ನೋಡಿದೆ. ಅದು ದ-ಕಾರವೂ ಆಗಬಹುದು, ಡ-ಕಾರವೂ ಆಗಬಹುದು, ಶಾಯಿ ಚೆಲ್ಲಿದ್ದೂ ಆಗಬಹುದು. ನನ್ನ ಅಂಗಡಿಗೆ ಬರುವವರೆಲ್ಲ ನಿನ್ನ ಹಾಗೆಯೇ, ಗೋಡೆಯ ಮೇಲಿನ ಅಕ್ಷರಪಟ್ಟಿಯ ಕೊನೆಯ ಸಾಲು ಕಾಣದಿದ್ದರೂ ಜಂಬಕ್ಕೆ ಓದಿಬಿಡುತ್ತಾರೆ. ನಂಬಿ ಗಾಜು ಕೊಟ್ಟರೆ ಮೆಟ್ಟಿಲು ಇಳಿಯುವಾಗ ಬೀಳುತ್ತಾರೆ.

ಓದಿ ಹೋದಳು ಎಂದರೆ ಏನನ್ನು ಓದಿ? ಹೋದಳು ಎಂದರೆ ಎಲ್ಲಿಗೆ? ತವರಿಗೆ ಹೋದವಳು ಮತ್ತೆ ಬರಲಿಲ್ಲವೇಕೆ? ಇದಕ್ಕೆ ಉತ್ತರ ಕೊಡು.

ಮಗಳ ಫಲಿತಾಂಶ ಬಂದಿದೆ. ಒಳ್ಳೆಯ ಅಂಕ. ಅಂಕಪಟ್ಟಿ, ವರ್ಗಾವಣೆ ಪತ್ರ ಎರಡನ್ನೂ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೇನೆ. ಕೀ ನನ್ನ ಹತ್ತಿರ ಇದೆ. ಇಬ್ಬರೂ ಸೇರಿ ಸುಣ್ಣ ಬಣ್ಣ ಮಾಡಿಸುವುದು ಬೇಡ.

ತಮ್ಮ


ಜೂನ್ 7

ತಮ್ಮಾ,

ಈ ಕಾಗದ ಬರೆಯಲು ನನಗೆ ಎಷ್ಟು ಬೇಜಾರು ಎನ್ನುವುದು ನಿನಗೆ ತಿಳಿಯಬೇಕು.

ನನ್ನ ದ-ಕಾರವನ್ನು ಮೇಷ್ಟ್ರ ಮುಂದೆ ಹಿಡಿದೆ. ಶಭಾಷ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮಸೂರ ತೆಗೆದು ನೋಡಿ, ‘ಬೇರೆಲ್ಲೂ ಹೋಗ್ಬೇಡಿ, ಅದೇ ಸಾಲಲ್ಲಿ ಹುಡುಕಿ’ ಎಂದರು. ಅದೇ ಸಾಲಿನಲ್ಲಿ ‘ಬಡಿಸಿ’ ಇದೆ. ಅದರಲ್ಲಿ ಡ ಇದೆ. ಅದೇ ಸಾಲಿನಲ್ಲಿ ‘ಹೊದಳು’ ಇದೆ. ಅದರಲ್ಲಿ ದ ಇದೆ. ಮೂರನ್ನೂ ತೆಳುಹಾಳೆಯ ಮೇಲೆ ಇಳಿಸಿ ಪಕ್ಕಪಕ್ಕದಲ್ಲಿ ಇಡಲು ಹೇಳಿದರು. ಈ ಮನುಷ್ಯನ ಡ-ಕಾರದ ಹೊಟ್ಟೆಯೊಳಗೆ ಒಂದು ಸಣ್ಣ ಮಡಿಕೆ ಇರುತ್ತದೆ. ದ-ಕಾರ ಮಡಿಕೆಯಿಲ್ಲದೆ ಸುತ್ತಿಕೊಳ್ಳುತ್ತದೆ. ನನ್ನ ಅಕ್ಷರಕ್ಕೆ ಮಡಿಕೆ ಇತ್ತು. ಒಣಗಿದ ಶಾಯಿ ಅಲ್ಲಿ ಉದುರಿತ್ತು, ಅಷ್ಟೇ.

ಡ. ಓಡಿಹೋದಳು. ನೀನು ಸರಿ, ಅಪ್ಪ ಸರಿ, ಕೆಂಪು ಪೆನ್ಸಿಲ್ ಸರಿ. ಸಂತೋಷವೇ?

ಒಂದು ದಿನ ಸುಮ್ಮನಿದ್ದುಬಿಡೋಣ ಎಂದು ಯೋಚಿಸಿದೆ. ನಿನಗೆ ಹೇಗೂ ಓದಲು ಬರುವುದಿಲ್ಲ. ಆದರೆ ಆಮೇಲೆ ನಿನಗೂ ನನಗೂ ಏನು ವ್ಯತ್ಯಾಸ? ನಮಗೆ ಬೇಕಾದ ಹಾಗೆ ಅವಳನ್ನು ಓದಿಕೊಳ್ಳುವುದು ಸಾಕು. ಓಡಿಹೋದಳು. ಈ ನಡುವೆ ಅವಳ ಗಂಡನನ್ನು ದಿನವೂ ಓದುತ್ತಿರುವವಳು ನಾನು. ನಾನಾಗಿದ್ದರೆ ಆ ಎರಡನೆಯ ಉಪ್ಪಿನ ದಿನವೇ ಓಡುತ್ತಿದ್ದೆ. ಬಡಿಸಿಟ್ಟೂ ಹೋಗುತ್ತಿರಲಿಲ್ಲ.

ಹಾಳೆಗಳನ್ನು ಕಟ್ಟಿ ಮೇಲಿಟ್ಟಿದ್ದೇನೆ. ವಾದದಲ್ಲಿ ನೀನು ಗೆದ್ದೆ. ಅದನ್ನು ಬದಿಗಿಟ್ಟು ಕೇಳುತ್ತಿದ್ದೇನೆ, ಕಾಲೇಜಿನಲ್ಲಿ ಸೇರಿಸಿಕೊಳ್ಳುವುದು ಈ ತಿಂಗಳ ಮೂವತ್ತರವರೆಗೆ ಮಾತ್ರ. ಅಂಕಪಟ್ಟಿಯ ಮೂಲಪ್ರತಿ ಇಲ್ಲದೆ ಅವರು ಅರ್ಜಿ ಮುಟ್ಟುವುದೂ ಇಲ್ಲ. ಈ ವರ್ಷ ತಪ್ಪಿದರೆ ಅವಳು ನಿನ್ನ ಅಂಗಡಿಯಲ್ಲಿ ಕೂತೇ ಬಿಡುತ್ತಾಳೆ; ಕೂತವಳು ಮೇಲೇಳುವುದು ಕಷ್ಟ. ನನ್ನನ್ನು ನೋಡಿದ್ದೀಯಲ್ಲ.

ಅಕ್ಕ


ಜೂನ್ 15

ಅಕ್ಕಾ,

ಕಾಗದ ಬಂತು. ನಾನು ಮೊದಲೇ ಹೇಳಿದ್ದೆ.

ಇಲ್ಲಿ ಎಲ್ಲರೂ ಸೌಖ್ಯ. ಮಗಳು ಚೆನ್ನಾಗಿದ್ದಾಳೆ. ಬೆಳಿಗ್ಗೆ ಎದ್ದು ಅಂಗಡಿಗೆ ಬರುತ್ತಾಳೆ, ಗಾಜು ಒರೆಸಿಡುತ್ತಾಳೆ, ಗಿರಾಕಿಗಳ ಹತ್ತಿರ ಚೆನ್ನಾಗಿ ಮಾತಾಡುತ್ತಾಳೆ. ಕಾಲೇಜಿನ ವಿಷಯ ಈಗ ಎತ್ತುವುದೇ ಇಲ್ಲ. ಮರೆತಿದ್ದಾಳೆ ಎಂದು ಕಾಣುತ್ತದೆ. ನೀನೂ ಮರೆತುಬಿಡು.

ನನ್ನವಳು ನಿನ್ನ ಕ್ಷೇಮ ವಿಚಾರಿಸಲು ಹೇಳಿದಳು. ನನ್ನ ಹತ್ತಿರ ಅವಳಿಗೆ ಮಾತು ಕಡಿಮೆಯಾಗಿದೆ, ಇಷ್ಟನ್ನು ಮಾತ್ರ ಹೇಳಿದಳು.

ಮಗಳು ಈಚೆಗೆ ನಿನಗೆ ಏನಾದರೂ ಬರೆದಳೇ? ಸುಮ್ಮನೆ ಕೇಳಿದೆ.

ತಮ್ಮ


ಜೂನ್ 19

ತಮ್ಮಾ,

ಗಾಜು ಒರೆಸುತ್ತಿರುವ ನಿನ್ನ ಮಗಳು ಹನ್ನೆರಡನೆಯ ತಾರೀಖಿನಿಂದ ನನ್ನ ಮನೆಯಲ್ಲಿದ್ದಾಳೆ. ನಿನ್ನ ಕಾಗದವನ್ನು ಅವಳ ಎದುರಿಗೇ ಒಡೆದೆ. ಗಟ್ಟಿಯಾಗಿ ಓದಿದೆ. ಗಿರಾಕಿಗಳ ಹತ್ತಿರ ಚೆನ್ನಾಗಿ ಮಾತಾಡುತ್ತಾಳೆ ಎನ್ನುವಲ್ಲಿಗೆ ಬಂದಾಗ ಅವಳು ಟೀ ಲೋಟ ಕೆಳಗಿಟ್ಟು ಎದ್ದು ಹೋದಳು. ಅತ್ತಳು.

ಎರಡು ಜೊತೆ ಬಟ್ಟೆ, ಒಂದು ಕೈಚೀಲ, ಅಷ್ಟೇ ತಂದಿರುವುದು. ನಿನ್ನ ದಿಂಬಿನ ಕೆಳಗೆ ಚೀಟಿ ಇಟ್ಟು ಬಂದಿದ್ದಾಳಂತೆ. ನಿನಗೆ ತಿಳಿಸಬೇಡಿ ಎಂದು ನನ್ನ ಕೈ ಹಿಡಿದುಕೊಂಡಳು, ನಾನು ತಿಳಿಸಲಿಲ್ಲ. ಅವಳು ಎಲ್ಲಿದ್ದಾಳೆ ಎಂದು ಒಂದು ವಾರ ನಿನ್ನನ್ನು ನರಳಿಸಿದ್ದು ತಪ್ಪು. ನೀನು ಹುಡುಕಿಕೊಂಡು ಬರುತ್ತೀಯ, ಬಂದ ಮೇಲೆ ಬಾಗಿಲಲ್ಲೇ ಜಗಳವಾಡೋಣ ಎಂದು ಕಾದೆ. ನೀನು ಬರಲಿಲ್ಲ. ಕಾಗದ ಬಂತು. ಮಗಳು ಮನೆಯಲ್ಲೇ ಇದ್ದಾಳೆ ಎಂದು ಒಡಹುಟ್ಟಿದವಳಿಗೇ ಬರೆಯುವಷ್ಟು ನಾಚಿಕೆಯೇ ನಿನಗೆ? ಕೇಳು, ಆ ಕಾಗದದ ಮೊದಲ ಸಾಲಿನಿಂದಲೇ ನಿನ್ನ ಅಕ್ಷರ ಬೇರೆಯಾಗಿದೆ. ಹಾಳೆಯ ಹಿಂಬದಿಗೆ ಮೂಡುವಷ್ಟು ಒತ್ತಿ ಬರೆದಿದ್ದೀಯ. ನನಗೆ ಈಗ ಅಷ್ಟು ಓದಲು ಬರುತ್ತದೆ.

ಇನ್ನು ಇದನ್ನು ಕೇಳು. ಅವಳು ಕೈಕಟ್ಟಿ ಕೂರುವವಳಲ್ಲವಲ್ಲ. ನಾನು ಕಟ್ಟಿಟ್ಟ ಹಾಳೆಗಳನ್ನು ಬಿಚ್ಚಿ, ಕೆಂಪು ಗೆರೆಯಿಂದ ಮುಂದಕ್ಕೆ ಓದುತ್ತಾ ಹೋದಳು. ಅಪ್ಪ ಅಲ್ಲಿಗೇ ನಿಲ್ಲಿಸಿದ್ದರು, ನೀನೂ ನಿಲ್ಲಿಸಿದೆ, ಸಿಟ್ಟಿನಲ್ಲಿ ನಾನೂ ನಿಲ್ಲಿಸಿದೆ. ನಾಲ್ಕು ದಿನ ಮುಂದೆ, ಇನ್ನೊಂದು ಹಾಳೆಯಲ್ಲಿ ಹೀಗಿದೆ: ‘ಅವಳಪೆಟಿಗೆಗಾಡಿಮೆಲೆಕಳುಹಿಸೊಣವಾಯಿತುಕಂಬಳಿಸಹ.’ ಅವಳ ಪೆಟ್ಟಿಗೆ ಗಾಡಿಯ ಮೇಲೆ ಕಳುಹಿಸೋಣವಾಯಿತು, ಕಂಬಳಿ ಸಹ. ಎಲ್ಲಿಗೆ ಎನ್ನುವ ಪದ ಅಂಚಿನಲ್ಲಿತ್ತು. ಅಂಚು ನಿನ್ನ ಕನ್ನಡಕದ ಡಬ್ಬಿಗಳ ಪಾಲಾಯಿತು, ನಿನಗೊಂದು ದೊಡ್ಡ ನಮಸ್ಕಾರ.

‘ಅತ್ತೆ, ಕಳುಹಿಸೋಣವಾಯಿತು ಅಂದ್ರೆ ಯಾರು ಕಳಿಸಿದ್ದು?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಊಹಿಸಬಾರದು ಎಂದು ಇಬ್ಬರೂ ಮೇಷ್ಟ್ರ ಹತ್ತಿರ ಹೋದೆವು. ಈ ಮನುಷ್ಯ ಹಾಗೆ ಬರೆದಿರುವ ಕಡೆಯನ್ನೆಲ್ಲ ಹುಡುಕಿ ತನ್ನಿ ಎಂದರು. ಹುಡುಕಿದೆವು. ಬೇರೆಯವರು ಮಾಡಿದ್ದಾದರೆ ಯಾರು ಮಾಡಿದರು ಎಂದು ಬರೆಯುತ್ತಾನೆ. ನಾದಿನಿ ಹೆತ್ತಳು, ಆಳು ಬಂದ. ‘ಓಣವಾಯಿತು’ ಎನ್ನುವುದು ಎಲ್ಲೆಲ್ಲಿ ಬರುತ್ತದೆ ಗೊತ್ತೇ? ಕಾಲಿಗೆ ಎಣ್ಣೆ ಹಚ್ಚೋಣವಾಯಿತು. ಹೊಟ್ಟೆಗೆ ಮದ್ದು ತಿನ್ನೋಣವಾಯಿತು. ಅವನ ಹೊಟ್ಟೆಯ ಮದ್ದನ್ನು ಅವನಲ್ಲದೆ ಪಕ್ಕದ ಮನೆಯವರು ತಿನ್ನುತ್ತಾರೆಯೇ? ಆ ಹಾಳೆಗಳಲ್ಲಿ ಎಲ್ಲಿಯೂ ‘ನಾನು’ ಎನ್ನುವ ಪದವೇ ಇಲ್ಲ.

ಅವನೇ ಕಳಿಸಿದ್ದು. ಎಲ್ಲಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಚಳಿಯಾಗುತ್ತದೆ ಎನ್ನುವುದೂ ಗೊತ್ತಿತ್ತು. ಆದರೂ ನೋಡಿದವರಿಗೆ ಇರಲಿ ಎಂದು ‘ಓಡಿಹೋದಳು’ ಎಂದು ಬರೆದಿಟ್ಟ. ಮಗನಿಗೂ ಬಾಯಿ ಬಿಟ್ಟು ಹೇಳಲಿಲ್ಲ. ನಮ್ಮ ತಾತ ಅಮ್ಮ ಬಿಟ್ಟುಹೋದಳು ಎಂದುಕೊಂಡೇ ಮುದುಕನಾಗಿ ಸತ್ತರು. ಪೆಟ್ಟಿಗೆ ಕಳಿಸಿದ ಮನುಷ್ಯ, ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ? ನನಗೆ ಮೈಯೆಲ್ಲ ಉರಿಯುತ್ತದೆ.

ನೀನು ಊರಿಗೆಲ್ಲ ಓಡಿಹೋದಳು ಎಂದು ಬೇಕಾದರೆ ಹೇಳು. ಗಾಜು ಒರೆಸುತ್ತಿದ್ದಾಳೆ ಎಂದು ಬೇಕಾದರೆ ಬರೆ. ಅಂಕಪಟ್ಟಿ ಕಳಿಸು. ಮೂವತ್ತನೆಯ ತಾರೀಖು ಮಧ್ಯಾಹ್ನ ಅವರು ಬಾಗಿಲು ಹಾಕುತ್ತಾರೆ.

ಅಕ್ಕ


ಜೂನ್ 25

ಅಕ್ಕಾ,

ನೀನು ಹೀಗೆ ಮಾಡುತ್ತೀಯ ಎಂದು ಅಂದುಕೊಂಡಿರಲಿಲ್ಲ. ಒಂದು ವಾರ ಬಸ್ ನಿಲ್ದಾಣ, ಅವಳ ಸ್ನೇಹಿತೆಯರ ಮನೆ ಎಲ್ಲ ಸುತ್ತಿದೆ. ಎಲ್ಲರ ಹತ್ತಿರವೂ ಅವಳು ಸಂಬಂಧಿಕರ ಮನೆಗೆ ಹೋಗಿದ್ದಾಳೆ, ವಿಳಾಸ ಮರೆತಿದ್ದೇನೆ ಎಂದೆ. ಮಗಳ ವಿಳಾಸ ಯಾರಾದರೂ ಮರೆಯುತ್ತಾರೆಯೇ? ಒಂದೇ ಒಂದು ಸಾಲು ಹಾಕಬಹುದಿತ್ತು. ಇದನ್ನು ನಾನು ಮರೆಯುವುದಿಲ್ಲ.

ಬೀರು ತೆಗೆದೆ. ಅಂಕಪಟ್ಟಿ, ವರ್ಗಾವಣೆ ಪತ್ರ ಇದರ ಜೊತೆ ಇವೆ. ಬಟ್ಟೆಗಳ ಚೀಲ ನಾಳೆ ಬಸ್ಸಿನಲ್ಲಿ ಬರುತ್ತದೆ, ನನ್ನವಳು ಕಟ್ಟುತ್ತಿದ್ದಾಳೆ. ಅದರಲ್ಲಿ ಒಂದು ಸಣ್ಣ ಪೊಟ್ಟಣ ಇರುತ್ತದೆ, ಕಲ್ಲು ನೋಡಲು ಮಸೂರ. ಅಂಗಡಿಯ ಮಾಲು ಅಲ್ಲ, ಬೇರೆ ಉಜ್ಜಿ ಮಾಡಿದ್ದು. ಅದನ್ನು ಜೊತೆಗಿಟ್ಟ ಮೆತ್ತನೆಯ ಬಟ್ಟೆಯಲ್ಲೇ ಒರೆಸಬೇಕು, ಅವಳ ಅಭ್ಯಾಸದ ಹಾಗೆ ದುಪಟ್ಟಾದಲ್ಲಿ ಅಲ್ಲ ಎಂದು ಹೇಳು.

ಒಳಗೆ ಇನ್ನೊಂದು ಕಾಗದ ಇದೆ. ಅದನ್ನು ಆ ಹಾಳೆಗಳ ಕಟ್ಟಿನಲ್ಲಿ, ಎಲ್ಲಕ್ಕಿಂತ ಮೇಲೆ ಇಡು. ಮುಂದೆ ಯಾರಾದರೂ ನಿನ್ನ ಹಾಗೆ ಮಸೂರ ಹಿಡಿದುಕೊಂಡು ಬಂದಾಗ ಅವರಿಗೆ ಬೇಕಾಗುತ್ತದೆ. ತಾರೀಖು ನೋಡಿ ಗಲಾಟೆ ಮಾಡಬೇಡ. ಜೂನ್ ಹದಿನೈದರ ನನ್ನ ಕಾಗದವನ್ನು ಒಲೆಗೆ ಹಾಕು.

ತಮ್ಮ


ಜೂನ್ 10

ಪ್ರೀತಿಯ ಅಕ್ಕನಿಗೆ,

ನನ್ನ ಮಗಳು ನಾಳೆ ಇಲ್ಲಿಂದ ಹೊರಟು ನಿನ್ನ ಮನೆಗೆ ಬರುತ್ತಾಳೆ. ಅವಳು ನಿನ್ನ ಹತ್ತಿರ ಇದ್ದುಕೊಂಡು ಭೂವಿಜ್ಞಾನ ಓದುತ್ತಾಳೆ. ಓದಿ ಮುಗಿಯುವವರೆಗೆ ನೀನು ನೋಡಿಕೊಳ್ಳಬೇಕು. ರಜೆಗೆ ಬಂದಾಗ ಅವಳ ಕೋಣೆ ಇಲ್ಲಿ ಹಾಗೆಯೇ ಇರುತ್ತದೆ.

ಯಾರು ಕೇಳಿದರೂ ಹೇಳು. ಅವಳನ್ನು ನಾನು ಕಳಿಸುತ್ತಿದ್ದೇನೆ.